ಕೋಟೆಗೆ ಬಣ್ಣ ತರುವವರು ಅತಿಥಿಗಳೇ: ಮನೆಯಲ್ಲೇ ಕಿನ್ನರಿ ಕಥೆಯ ಹುಟ್ಟುಹಬ್ಬ

ಪ್ರಶ್ನೆ: ನನ್ನ ಮಗಳಿಗೆ ಮುಂದಿನ ತಿಂಗಳು ಆರು ವರ್ಷ ತುಂಬುತ್ತದೆ. ಈ ಸಲ ಕಿನ್ನರಿ ಕಥೆಯ ಥರ ಹುಟ್ಟುಹಬ್ಬ ಬೇಕು ಅಂತ ಹಟ ಹಿಡಿದಿದ್ದಾಳೆ. ಕೋಟೆ ಇರಬೇಕಂತೆ, ರಾಕ್ಷಸ ಇರಬೇಕಂತೆ, ಮಾಯ ಮಂತ್ರ ಇರಬೇಕಂತೆ. ಹೊರಗಿನವರಿಗೆ ವಹಿಸಿ ಮಾಡಿಸುವಷ್ಟು ದುಡ್ಡು ನಮ್ಮಲ್ಲಿಲ್ಲ. ಮನೆಯೂ ಚಿಕ್ಕದು. ನನಗೆ ಚಿತ್ರ ಬರೆಯೋಕೆ ಬರುವುದಿಲ್ಲ. ಹತ್ತು ಮಕ್ಕಳು ಬರುತ್ತಾರೆ, ನಾಲ್ಕು ವರ್ಷದವರಿಂದ ಒಂಬತ್ತು ವರ್ಷದವರವರೆಗೆ. ಅರ್ಧದಷ್ಟು ಹುಡುಗರು. 'ರಾಜಕುಮಾರಿ ಆಟ ನಮಗೆ ಬೇಡ' ಅಂತ ಅವರು ಈಗಲೇ ಹೇಳುತ್ತಿದ್ದಾರೆ. ಎಲ್ಲಿಂದ ಶುರು ಮಾಡಲಿ? ಕೊನೆ ಗಳಿಗೆಯಲ್ಲಿ ಇವಳೇ ಮನಸ್ಸು ಬದಲಾಯಿಸಿದರೆ ಏನು ಮಾಡಲಿ?

ಉತ್ತರ: ಕಥೆಯಿಂದ ಶುರು ಮಾಡಿ. ಬಣ್ಣದ ಕಾಗದ, ಬಲೂನು, ಕೇಕಿನ ಆಕಾರ ಎಲ್ಲ ಆಮೇಲಿನ ಮಾತು.

ನಿಮ್ಮ ಮಗಳು ಕೇಳಿದ್ದನ್ನೇ ಇನ್ನೊಂದು ಸಲ ನೋಡಿ. ಕೋಟೆ, ರಾಕ್ಷಸ, ಮಾಯ. ಮೂರೂ ಕಥೆಯೊಳಗೆ ಏನೋ ನಡೆಸುವಂಥವು. ಗೋಡೆ ತುಂಬ ಗುಲಾಬಿ ಪರದೆ ಬೇಕು ಅಂತ ಅವಳು ಕೇಳಿಲ್ಲ. ಏನಾದರೂ ನಡೆಯಬೇಕು, ಅದರಲ್ಲಿ ತಾನೂ ಇರಬೇಕು ಅನ್ನುವುದು ಅವಳ ಆಸೆ. ಮಕ್ಕಳಿಗೆ ಕಥೆ ಹೇಳುವುದು, ಅವರ ಕೈಯಲ್ಲಿ ನಾಟಕ ಆಡಿಸುವುದು ನನ್ನ ಕೆಲಸ. ಎಷ್ಟೇ ಚೆನ್ನಾಗಿ ಸಿಂಗರಿಸಿದ ಕೋಣೆಗೆ ಬಂದರೂ ಮಕ್ಕಳು ಒಂದೆರಡು ನಿಮಿಷ ಕಣ್ಣರಳಿಸಿ ನೋಡುತ್ತಾರೆ. ಆಮೇಲೆ ಕೇಳುವುದು ಒಂದೇ: 'ಈಗ ಏನ್ ಮಾಡೋದು?' ಅದಕ್ಕೆ ನಿಮ್ಮ ಹತ್ತಿರ ಉತ್ತರ ಇದ್ದರೆ ಬರಿ ಗೋಡೆಯ ಪುಟ್ಟ ಮನೆಯಲ್ಲೂ ಹಬ್ಬ ಕಳೆಗಟ್ಟುತ್ತದೆ. ಇಲ್ಲದಿದ್ದರೆ ಎಷ್ಟು ಸಿಂಗರಿಸಿದ್ದರೂ ಅರ್ಧ ಗಂಟೆಯಲ್ಲಿ ಓಡಾಟ, ಕಿರುಚಾಟ, ಜಗಳ.

ಸಿನಿಮಾದಲ್ಲಿ ನೋಡಿದ ಕಥೆಯನ್ನು ಹಾಗೇ ಎತ್ತಿಕೊಳ್ಳಬೇಡಿ. ಅದನ್ನು ತಂದರೆ ಅದರ ಉಡುಪು, ಅದರ ಮುಖಗಳು, ಅದರ ಬಣ್ಣ ಎಲ್ಲವೂ ಹಿಂದೆಯೇ ಬರುತ್ತವೆ. ಆಗ ಮನೆಯಲ್ಲಿ ಮಾಡಿದ್ದೆಲ್ಲ ನಕಲಿಯಾಗಿ ಕಾಣುತ್ತದೆ. 'ಅದರಲ್ಲಿ ಹೀಗಿಲ್ಲ' ಅಂತ ಮಕ್ಕಳೇ ತಪ್ಪು ಹಿಡಿಯುತ್ತಾರೆ. ನಿಮ್ಮದೇ ಕಥೆ ಕಟ್ಟಿದರೆ ಹೋಲಿಸಿ ನೋಡುವುದಕ್ಕೆ ಅಸಲಿ ಅನ್ನುವುದೇ ಇರುವುದಿಲ್ಲ.

ಕಥೆ ಬದಲಾಯಿಸಬಹುದಾ ಅಂತ ಹಿಂಜರಿಯಬೇಡಿ. ಕಿನ್ನರಿ ಕಥೆಗಳು ಬಾಯಿಂದ ಬಾಯಿಗೆ ಬದಲಾಗುತ್ತಲೇ ಬಂದಿವೆ. ಸಿಂಡ್ರೆಲಾಳ ಗಾಜಿನ ಚಪ್ಪಲಿ ಎಲ್ಲರಿಗೂ ಗೊತ್ತು. ಅದು ಫ್ರಾನ್ಸಿನ ಶಾರ್ಲ್ ಪೆರೋ 1697ರಲ್ಲಿ ಪ್ರಕಟಿಸಿದ ರೂಪದ್ದು. ಜರ್ಮನಿಯ ಗ್ರಿಮ್ ಸೋದರರ ಸಂಗ್ರಹದಲ್ಲಿ ಅದೇ ಚಪ್ಪಲಿ ಚಿನ್ನದ್ದು. ಹುಡುಗಿಗೆ ಉಡುಪು ಕೊಡುವ ಮಾಯದ ತಾಯಿಯೂ ಅಲ್ಲಿಲ್ಲ. ಅವಳ ಕೆಲಸವನ್ನು ಒಂದು ಮರ, ಮರದ ಮೇಲಿನ ಹಕ್ಕಿ ಮಾಡುತ್ತವೆ. ಒಂಬತ್ತನೇ ಶತಮಾನದ ಚೀನಾದಲ್ಲಿ ಬರೆದಿಟ್ಟ ಇಂಥದೇ ಕಥೆಯಲ್ಲಿ ಹುಡುಗಿಗೆ ನೆರವಾಗುವುದು ಒಂದು ಮೀನಿನ ಮೂಳೆಗಳು. ಹೇಳುವವರು ತಮ್ಮ ಮುಂದೆ ಕೂತವರಿಗೆ ತಕ್ಕ ಹಾಗೆ ಕಥೆ ತಿದ್ದಿಕೊಂಡರು. ನೀವೂ ಧೈರ್ಯವಾಗಿ ತಿದ್ದಿಕೊಳ್ಳಿ.

ಹಬ್ಬಕ್ಕೆ ಬೇಕಾದ ಕಥೆಯಲ್ಲಿ ಇಷ್ಟಿದ್ದರೆ ಸಾಕು: ಯಾರಿಗೋ ಒಂದು ತೊಂದರೆ, ಅದನ್ನು ಬಿಡಿಸುವುದಕ್ಕೆ ಮೂರು ಕೆಲಸ, ಕೊನೆಗೆ ಎಲ್ಲರೂ ಸುಖವಾಗಿರುವುದು. ಮೂರು ಅನ್ನುವ ಲೆಕ್ಕ ಕಥೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ, ಅಲ್ವಾ? ಮೂರು ವರ, ಮೂರು ಒಗಟು, ಮೂವರು ಮಕ್ಕಳಲ್ಲಿ ಕಿರಿಯವನು. ಮಕ್ಕಳಿಗೆ ನೆನಪಿಟ್ಟುಕೊಳ್ಳುವುದು ಸುಲಭ. ಎರಡು ಗಂಟೆಯ ಹಬ್ಬಕ್ಕೂ ಅಳತೆ ಸರಿಯಾಗುತ್ತದೆ.

ತೊಂದರೆ ಎಲ್ಲಿಂದ ತರುವುದು? ಹುಟ್ಟುಹಬ್ಬಕ್ಕೆ ಹೇಳಿ ಮಾಡಿಸಿದಂಥ ತೊಂದರೆ ಹಳೆ ಕಥೆಯಲ್ಲೇ ಇದೆ. ನೂರು ವರ್ಷ ನಿದ್ದೆಹೋದ ರಾಜಕುಮಾರಿಯ ಕಥೆ ನೆನಪಿಸಿಕೊಳ್ಳಿ. ಗ್ರಿಮ್ ಸೋದರರು ಹೇಳುವ ರೂಪದಲ್ಲಿ ಆ ರಾಜ್ಯದಲ್ಲಿ ಮಂತ್ರ ಬಲ್ಲ ಹೆಂಗಸರು ಹದಿಮೂರು ಜನ. ರಾಜನ ಹತ್ತಿರ ಇದ್ದ ಚಿನ್ನದ ತಟ್ಟೆ ಹನ್ನೆರಡೇ. ಹಾಗಾಗಿ ಒಬ್ಬಳನ್ನು ಕರೆಯದೆ ಬಿಟ್ಟರು. ಇಡೀ ಅನಾಹುತ ಆದದ್ದು ಅಷ್ಟರಿಂದಲೇ. ಆರು ವರ್ಷದ ಮಗುವಿಗೆ ಈ ನೋವು ಚೆನ್ನಾಗಿ ಗೊತ್ತು. 'ಎಲ್ಲರನ್ನೂ ಕರೆದರು, ನನ್ನನ್ನು ಮಾತ್ರ ಕರೀಲಿಲ್ಲ' ಅನ್ನುವುದಕ್ಕಿಂತ ದೊಡ್ಡ ದುಃಖ ಆ ವಯಸ್ಸಿನಲ್ಲಿ ಕಡಿಮೆ. ಅದನ್ನೇ ಇಟ್ಟುಕೊಂಡು ನಿಮಗೊಂದು ಕಥೆ ಕಟ್ಟಿಕೊಡುತ್ತೇನೆ.

ಒಂದಾನೊಂದು ಕಾಲದಲ್ಲಿ ಒಂದು ಏಳು ಸುತ್ತಿನ ಕೋಟೆ. ಅಲ್ಲಿ ದೊಡ್ಡ ಹಬ್ಬ ಅಂತ ಡಂಗುರ ಸಾರಿದರು. ಹಕ್ಕಿಗೆ ಕರೆ ಹೋಯಿತು, ಇರುವೆಗೆ ಕರೆ ಹೋಯಿತು, ಕೆರೆಯ ಕಪ್ಪೆಗೂ ಕರೆ ಹೋಯಿತು. ಬೆಟ್ಟದಾಚೆ ಗುಹೆಯಲ್ಲಿದ್ದ ರಾಕ್ಷಸನಿಗೆ ಮಾತ್ರ ಕರೆ ಹೋಗಲಿಲ್ಲ. ಅವನಿಗೆ ಬೇಜಾರಾಯಿತು. ಜೋರಾಗಿ ಒಂದು ಉಸಿರು ಎಳೆದ ನೋಡಿ, ಕೋಟೆಯ ಬಣ್ಣವೆಲ್ಲ ಅವನ ಹೊಟ್ಟೆಗೆ ಹೋಯಿತು! ಗೋಡೆ ಮಾಸಲು, ಬಾವುಟ ಮಾಸಲು, ಹೂವೂ ಮಾಸಲು. ಬಣ್ಣ ವಾಪಸ್ ಬರಬೇಕಾದರೆ ಮೂರು ಕೆಲಸ ಆಗಬೇಕು. ಮಾಡುವವರು ಯಾರು?

ಕಥೆ ಇಲ್ಲಿಗೆ ನಿಲ್ಲಿಸಿ. ಹೇಳುವುದಕ್ಕೆ ಮೂರು ನಿಮಿಷವೂ ಬೇಡ. ನಿಮ್ಮ ಎರಡು ಕಷ್ಟ ಇದರಲ್ಲಿ ಒಟ್ಟಿಗೇ ಬಗೆಹರಿಯುತ್ತವೆ. ನಿಮಗೆ ಚಿತ್ರ ಬರೆಯೋಕೆ ಬರುವುದಿಲ್ಲ ಅಂದಿರಿ. ಈ ಕೋಟೆಗೆ ಬಣ್ಣ ಇರಲೇಬಾರದು! ಬರಿ ರಟ್ಟಿನ ಕೋಟೆ ನಿಲ್ಲಿಸಿದರೆ ಸಾಕು, ಬಣ್ಣ ತರುವುದು ಬಂದ ಮಕ್ಕಳ ಕೆಲಸ. ಇನ್ನು ಹುಡುಗರ ತಕರಾರು. ಕಾಯುತ್ತಾ ಕೂತ ರಾಜಕುಮಾರಿ ಈ ಕಥೆಯಲ್ಲಿಲ್ಲ. ಎಲ್ಲರೂ ಬಣ್ಣ ಹುಡುಕಿ ಹೊರಟವರೇ. ನಿಮ್ಮ ಮಗಳೂ ಅವರಲ್ಲಿ ಒಬ್ಬಳು, ಎಲ್ಲರಿಗಿಂತ ಮುಂದೆ ನಡೆಯುವವಳು. ಹುಟ್ಟುಹಬ್ಬದ ಮಗುವನ್ನು ಸಿಂಹಾಸನದ ಮೇಲೆ ಕೂರಿಸಿ ಉಳಿದವರನ್ನು ಪ್ರಜೆಗಳನ್ನಾಗಿ ಮಾಡುವುದು ನನಗೆ ಸುತರಾಂ ಇಷ್ಟವಿಲ್ಲ. ಕೂತ ಮಗುವಿಗೂ ಬೇಜಾರು, ಸುತ್ತ ನಿಂತವರಿಗೂ ಬೇಜಾರು.

ಈಗ ಕೋಟೆ ಕಟ್ಟೋಣ. ಫ್ರಿಜ್ ಅಥವಾ ವಾಷಿಂಗ್ ಮಷಿನ್ ಬಂದ ದೊಡ್ಡ ರಟ್ಟಿನ ಡಬ್ಬ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಸಿಗದಿದ್ದರೆ ನಾಲ್ಕೈದು ಸಾಧಾರಣ ಡಬ್ಬಗಳನ್ನು ಬಿಚ್ಚಿ ಅಗಲದ ಟೇಪಿನಿಂದ ಜೋಡಿಸಿ. ರಟ್ಟಿನ ಅಂಚನ್ನು ಹತ್ತಿರದಿಂದ ನೋಡಿ. ಎರಡು ಹಾಳೆಯ ನಡುವೆ ಅಲೆ ಅಲೆಯಾದ ಇನ್ನೊಂದು ಹಾಳೆ ಕಾಣುತ್ತದೆ. ಆ ಅಲೆಯ ಸಾಲುಗಳು ನೆಲದಿಂದ ಮೇಲಕ್ಕೆ ನಿಲ್ಲುವ ಹಾಗೆ ಗೋಡೆ ಇಡಿ. ಅಡ್ಡಲಾಗಿದ್ದರೆ ಒಬ್ಬರು ಒರಗಿದರೂ ಗೋಡೆ ಮಡಚಿಕೊಂಡು ಕೂತುಬಿಡುತ್ತದೆ. ಮಡಿಸುವ ಕಡೆ ಕತ್ತರಿಸಬೇಡಿ. ಚಮಚದ ಹಿಡಿಯಿಂದ ಒತ್ತಿ ಒಂದು ಗೆರೆ ಎಳೆದರೆ ಮಡಿಕೆ ನೇರವಾಗಿ ಬರುತ್ತದೆ.

ಮೇಲಂಚಿನಲ್ಲಿ 8 ಸೆಂ.ಮೀ. ಅಗಲ, 8 ಸೆಂ.ಮೀ. ಆಳದ ಚೌಕಗಳನ್ನು ಒಂದು ಬಿಟ್ಟು ಒಂದು ಕತ್ತರಿಸಿ ತೆಗೆಯಿರಿ. ಇದೇ ಕೋಟೆಯ ತೆನೆ. ದೂರದಿಂದ ನೋಡಿದ ಕೂಡಲೇ 'ಕೋಟೆ!' ಅನ್ನಿಸುವುದು ಇದರಿಂದ. ಬಾಗಿಲಿಗೆ ಸುಮಾರು 60 ಸೆಂ.ಮೀ. ಅಗಲ, 90 ಸೆಂ.ಮೀ. ಎತ್ತರದ ಕಮಾನು ಬರೆಯಿರಿ. ಮೇಲೆ ಮತ್ತು ಎರಡು ಬದಿ ಮಾತ್ರ ಕತ್ತರಿಸಿ, ಕೆಳಗಿನ ಅಂಚು ಬಿಡಿ. ಬಾಗಿಲು ಮುಂದಕ್ಕೆ ಮಲಗಿ ಸೇತುವೆಯಾಗುತ್ತದೆ. ಮಕ್ಕಳಿಗೆ ಇಡೀ ಕೋಟೆಯಲ್ಲಿ ಅತಿ ಹೆಚ್ಚು ಖುಷಿ ಕೊಡುವುದು ಇದೇ ಸೇತುವೆ. ಅದಕ್ಕೊಂದು ಹಗ್ಗ ಕಟ್ಟಿ ಎತ್ತಿ ಇಳಿಸುವ ಆಸೆ ನಿಮಗೂ ಬರಬಹುದು. ಸುತ್ತ ಮಕ್ಕಳು ಓಡಾಡುವಾಗ ಇಳಿಬಿದ್ದ ಹಗ್ಗ ಬೇಡ, ಕೈಯಲ್ಲೇ ಎತ್ತಲಿ. ಕಟರ್ ಹಿಡಿಯುವ ಕೆಲಸ ದೊಡ್ಡವರದು, ಮಕ್ಕಳು ಮಲಗಿದ ಮೇಲೆ. ಕತ್ತರಿಸಿದ ಅಂಚಿಗೆಲ್ಲ ಟೇಪ್ ಸುತ್ತಿ, ರಟ್ಟು ಬೆರಳು ಕುಯ್ಯುತ್ತದೆ. ಗೋಡೆಯ ಹಿಂದೆ ಎರಡು ಗಟ್ಟಿ ಕುರ್ಚಿ ಇಟ್ಟು ಬಿಗಿದು ಕಟ್ಟಿದರೆ ಕೋಟೆ ಬೀಳುವುದಿಲ್ಲ.

ಬಣ್ಣಕ್ಕೆ ಡಬ್ಬಿ, ಬ್ರಷ್ ತರಬೇಡಿ. ಒಂದೇ ಬದಿಗೆ ಒದ್ದೆ ಬಣ್ಣ ಬಳಿದರೆ ರಟ್ಟು ಒಣಗುವಾಗ ಸೊಟ್ಟಗಾಗುತ್ತದೆ. ಅದರ ಮೇಲೆ ಇಷ್ಟು ಮಕ್ಕಳ ಕೈ, ಬಟ್ಟೆ ಬೇರೆ. ಬಣ್ಣದ ಕಾಗದವನ್ನು ಅಂಗೈ ಅಗಲದ ತುಂಡು ಮಾಡಿ ಮೂರು ಕಟ್ಟು ಕಟ್ಟಿಡಿ: ಕೆಂಪು, ಹಳದಿ, ನೀಲಿ. ಒಂದೊಂದು ಕೆಲಸ ಮುಗಿದಾಗ ಒಂದೊಂದು ಕಟ್ಟು ಸಿಗುತ್ತದೆ. ಮಕ್ಕಳು ಗ್ಲೂ ಸ್ಟಿಕ್ ಹಿಡಿದು ಓಡಿಹೋಗಿ ಕೋಟೆಗೆ ಅಂಟಿಸುತ್ತಾರೆ. ಪುಟ್ಟವರು ಕೆಳಗೆ, ದೊಡ್ಡವರು ಮೇಲೆ. ಒಂದರ ಮೇಲೊಂದು ಬಿದ್ದರೂ, ಸೊಟ್ಟಪಟ್ಟ ಆದರೂ ನೀವು ಕೈಹಾಕಿ ತಿದ್ದಬೇಡಿ. ಅದು ಅವರು ಗೆದ್ದು ತಂದ ಬಣ್ಣ.

ಮೊದಲ ಕೆಲಸ, ಖಾಲಿ ಪತ್ರ. ರಾಕ್ಷಸನಿಂದ ಪತ್ರ ಬಂದಿದೆ, ಬಿಚ್ಚಿ ನೋಡಿದರೆ ಬರಿ ಬಿಳಿ ಹಾಳೆ! ನೀವು ಮೊದಲೇ ಅದರ ಮೇಲೆ ಬಿಳಿ ಕ್ರೆಯಾನ್ ಅಥವಾ ಮೇಣದಬತ್ತಿಯ ತುಂಡಿನಿಂದ ಒತ್ತಿ ಬರೆದಿರುತ್ತೀರಿ. ಮಕ್ಕಳು ತೆಳುವಾದ ವಾಟರ್ ಕಲರ್ ಬಳಿದರೆ ಮೇಣ ಇರುವ ಕಡೆ ನೀರು ಹಿಡಿಯುವುದಿಲ್ಲ. ಬಣ್ಣದ ನಡುವೆ ಅಕ್ಷರ ಬೆಳ್ಳಗೆ ಎದ್ದು ಬರುತ್ತದೆ. ಹಾಳೆ ದಪ್ಪಗಿರಲಿ, ತೆಳು ಹಾಳೆ ನೆನೆದು ಹರಿಯುತ್ತದೆ. ಬಣ್ಣ ನೀರಾಗಿರಲಿ, ಗಟ್ಟಿಯಾಗಿದ್ದರೆ ಮೇಣವನ್ನೂ ಮುಚ್ಚಿಬಿಡುತ್ತದೆ. 'ನನ್ನ ನಿದ್ದೆ ಕೆಡಿಸದೆ ತೋಟ ದಾಟಿ ಬನ್ನಿ' ಅಂತ ಆರು ಪದ ಬರೆದು ಆರು ತುಂಡು ಮಾಡಿ. ಓದಲು ಬರುವವರಿಗೆ ಒಂದೊಂದು ಪದ. ಓದಲು ಬರದ ಪುಟ್ಟವರಿಗೆ ಚಿತ್ರ: ಹಾಸಿಗೆ, ಹೂವು, ಪುಟ್ಟ ಪಾದ, ಬಾಣದ ಗುರುತು. ಎಲ್ಲರ ತುಂಡು ಸೇರಿದರೇ ಪತ್ರ ಪೂರ್ತಿಯಾಗುವುದು. ಹಾಗಾಗಿ ನಾಲ್ಕು ವರ್ಷದವನ ತುಂಡಿಗಾಗಿ ಒಂಬತ್ತು ವರ್ಷದವನೂ ಕಾಯಬೇಕು. ನಿಂಬೆರಸದಲ್ಲಿ ಬರೆದು ಕಾಯಿಸಿ ಓದುವ ಹಳೆಯ ಉಪಾಯವೂ ಒಂದಿದೆ. ಅದಕ್ಕೆ ಬಿಸಿ ಬೇಕು, ಮಕ್ಕಳ ಗುಂಪಿನ ನಡುವೆ ಅದರ ಸಹವಾಸ ಬೇಡ.

ಎರಡನೆಯದು ರಾಕ್ಷಸನ ತೋಟ ದಾಟುವುದು. ರಾಕ್ಷಸ ಕುರ್ಚಿಯಲ್ಲಿ ಬೆನ್ನು ತಿರುಗಿಸಿ ಕೂತು ಗೊರಕೆ ಹೊಡೆಯುತ್ತಿರುತ್ತಾನೆ. ಹಳದಿ ಕಟ್ಟು ಅವನ ಕುರ್ಚಿಯ ಕೆಳಗಿದೆ. ಗೊರಕೆ ಕೇಳುವವರೆಗೆ ಮಕ್ಕಳು ತುದಿಗಾಲಲ್ಲಿ ನಡೆಯಬಹುದು. ಗೊರಕೆ ನಿಂತರೆ ಎಲ್ಲರೂ ಕಲ್ಲಾಗಬೇಕು. ಅಲುಗಾಡಿದವರು ಮೂರು ಹೆಜ್ಜೆ ಹಿಂದೆ. ನಾಲ್ಕು ಮೀಟರ್ ಜಾಗ ಸಿಕ್ಕರೂ ಸಾಕು, ಮನೆ ಚಿಕ್ಕದು ಅಂತ ಚಿಂತೆ ಬೇಡ. ಸದ್ದು ಮಾಡಬಾರದು ಅನ್ನುವುದೇ ನಿಯಮ, ಆದ್ದರಿಂದ ಯಾರೂ ಓಡುವುದಿಲ್ಲ. ನೆಲ ಜಾರಿದರೆ ಕಾಲುಚೀಲ ಬಿಚ್ಚಿಸಿ.

ಒಂದು ಮಾತು ಒತ್ತಿ ಹೇಳುತ್ತೇನೆ. 'ಔಟ್' ಅಂತ ಯಾರನ್ನೂ ಆಟದಿಂದ ಹೊರಗೆ ಕೂರಿಸಬೇಡಿ. ಇಂಥ ಆಟಗಳಲ್ಲಿ ಮೊದಲು ಔಟ್ ಆಗುವವರು ಸಾಮಾನ್ಯವಾಗಿ ಅತಿ ಚಿಕ್ಕವರು. ಸುಮ್ಮನೆ ಕೂತು ಕಾಯುವುದು ಅತಿ ಕಷ್ಟವಾಗುವುದೂ ಅವರಿಗೇ. ಅಂಥವರನ್ನೇ ಎಲ್ಲರಿಗಿಂತ ಜಾಸ್ತಿ ಹೊತ್ತು ಕೂರಿಸುವ ನಿಯಮ ಅದು. ಅಳು ಶುರುವಾಗುವುದು ಅಲ್ಲೇ. ಮೂರು ಹೆಜ್ಜೆ ಹಿಂದೆ ಹೋದವರು ಇನ್ನೂ ಆಟದಲ್ಲೇ ಇರುತ್ತಾರೆ.

ಮೂರನೆಯದು ಮಾಯದ ನೀರು. ನೇರಳೆ ಬಣ್ಣದ ಎಲೆಕೋಸನ್ನು ಹೆಚ್ಚಿ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ಸೋಸಿ ಇಡಿ. ಶಂಖಪುಷ್ಪ ಸಿಕ್ಕರೆ ಅದೂ ಆಗುತ್ತದೆ. ಈ ಎರಡರಲ್ಲೂ ಇರುವ ಬಣ್ಣದ ಅಂಶಕ್ಕೆ ಆಂಥೋಸಯಾನಿನ್ ಅಂತ ಹೆಸರು. ಹುಳಿ ಬಿದ್ದರೆ ಅದು ಕೆಂಪಿನ ಕಡೆಗೆ ತಿರುಗುತ್ತದೆ, ಅಡುಗೆ ಸೋಡಾ ಬಿದ್ದರೆ ಎಲೆಕೋಸಿನ ನೀರು ನೀಲಿ ಹಸಿರಾಗುತ್ತದೆ. ಎತ್ತರದ ಲೋಟಗಳಲ್ಲಿ ಕಾಲು ಭಾಗ ಮಾತ್ರ ಈ ನೀರು ಹಾಕಿ ತಟ್ಟೆಯಲ್ಲಿ ಇಡಿ. ಮಕ್ಕಳು ಮೊದಲು ಕಾಲು ಚಮಚ ಸೋಡಾ ಹಾಕಲಿ, ನೇರಳೆ ನೀರು ನೀಲಿ ಹಸಿರಾಗುತ್ತದೆ. ಆಮೇಲೆ ನಿಂಬೆರಸವನ್ನು ಚಮಚ ಚಮಚವಾಗಿ ಹಾಕಲಿ. ನೊರೆ ಬುಸ್ ಅಂತ ಏಳುತ್ತದೆ, ನೀರು ನೋಡನೋಡುತ್ತಾ ನೇರಳೆಗೆ, ಅಲ್ಲಿಂದ ಗುಲಾಬಿಗೆ ತಿರುಗುತ್ತದೆ. ಸೋಡಾ ಜಾಸ್ತಿಯಾದರೆ ಗುಲಾಬಿ ಬರುವುದಕ್ಕೆ ನಿಂಬೆರಸವೂ ಜಾಸ್ತಿ ಬೇಕು. ಹಿಂದಿನ ದಿನ ಒಂದು ಲೋಟದಲ್ಲಿ ಮಾಡಿ ನೋಡಿಕೊಳ್ಳಿ. ಇದು ಕುಡಿಯುವುದಕ್ಕಲ್ಲ ಅಂತ ಮೊದಲೇ ಹೇಳಿ. ನಿಂಬೆ ಮುಟ್ಟಿದ ಕೈ ಕಣ್ಣಿಗೆ ಹೋಗದಂತೆ ಪಕ್ಕದಲ್ಲಿ ಒದ್ದೆ ಬಟ್ಟೆ ಇಟ್ಟಿರಿ.

ಹೊಗೆ ಬರಲಿ ಅಂತ ಡ್ರೈ ಐಸ್ ತರುವವರಿದ್ದಾರೆ. ದಯವಿಟ್ಟು ತರಬೇಡಿ. ಅದು ಸೊನ್ನೆಗಿಂತ 78 ಡಿಗ್ರಿ ಕೆಳಗಿನ ತಣ್ಣಗಿನ ವಸ್ತು, ಮುಟ್ಟಿದರೆ ಚರ್ಮ ಸುಡುತ್ತದೆ. ಅದರಿಂದ ಬರುವ ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ, ಮುಚ್ಚಿದ ಚಿಕ್ಕ ಕೋಣೆಯಲ್ಲಿ ನೆಲದ ಹತ್ತಿರ ಸೇರಿಕೊಳ್ಳುತ್ತದೆ. ಮಕ್ಕಳ ಮೂಗು ಇರುವುದೂ ಅಲ್ಲೇ ಹತ್ತಿರ.

ಮೂರೂ ಕೆಲಸ ಆಯಿತು, ನೀಲಿ ಕಾಗದವೂ ಕೋಟೆಗೆ ಏರಿತು. ಈಗ ರಾಕ್ಷಸ ಎದ್ದು ಬರಬೇಕು. ಗದರಿಸುತ್ತಾ ಬರುವುದು ಬೇಡ. ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಲಿ: 'ಎಲ್ಲರನ್ನೂ ಕರೆದಿರಿ, ನನ್ನನ್ನು ಯಾಕೆ ಕರೀಲಿಲ್ಲ?' ಕೇಳಿ ಸುಮ್ಮನಿರಲಿ. ನೀವೂ ಬಾಯಿ ಹಾಕಬೇಡಿ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಆಮೇಲೆ ಯಾರೋ ಒಬ್ಬರು ಒಳಗೆ ಕರೆಯುತ್ತಾರೆ, ಇನ್ಯಾರೋ ತನ್ನ ಕಿರೀಟ ತೆಗೆದು ಕೊಡುವುದಕ್ಕೆ ಬರುತ್ತಾರೆ. ಅದಕ್ಕೆ ಮೊದಲೇ ಒಂದು ಕಿರೀಟ ಜಾಸ್ತಿ ಮಾಡಿಟ್ಟಿರಿ, ನಿಮ್ಮ ಮಗಳು ಅದನ್ನು ರಾಕ್ಷಸನ ತಲೆಗೆ ಇಡಲಿ. ಮೇಣದಬತ್ತಿ ಹಚ್ಚಿದ ಕೇಕ್ ಬರಬೇಕಾದ ಹೊತ್ತು ಅದೇ. ಕೇಕನ್ನು ಮೊದಲೇ ಕತ್ತರಿಸಿಬಿಟ್ಟರೆ ಮಕ್ಕಳ ಮನಸ್ಸಿನಲ್ಲಿ ಹಬ್ಬ ಮುಗಿಯಿತು, ಮತ್ತೆ ಕಥೆಗೆ ಎಳೆದು ತರುವುದು ಕಷ್ಟ.

ರಾಕ್ಷಸನ ಬಗ್ಗೆ ಎಚ್ಚರ ಇರಲಿ. ನಾಲ್ಕೈದು ವರ್ಷದ ಮಕ್ಕಳಿಗೆ ಮುಖವಾಡದ ಹಿಂದೆ ಇರುವುದು ಪರಿಚಯದವರೇ ಅಂತ ಗೊತ್ತಿದ್ದರೂ ಭಯವಾಗುತ್ತದೆ. ಹಾಗಾಗಿ ಮುಖವಾಡ ಬೇಡವೇ ಬೇಡ. ಮಕ್ಕಳಿಗೆ ಚೆನ್ನಾಗಿ ಗೊತ್ತಿರುವ ದೊಡ್ಡವರೊಬ್ಬರು ಅವರ ಕಣ್ಣೆದುರಲ್ಲೇ ಹಳೆ ಶಾಲು ಹೊದ್ದು, 'ಈಗ ನಾನು ರಾಕ್ಷಸ' ಅಂತ ಹೇಳಿ ಕುರ್ಚಿಯಲ್ಲಿ ಕೂರಲಿ. ನಟನೆ ಅಂತ ಗೊತ್ತಿದ್ದರೆ ಮಜಾ ಕಡಿಮೆಯಾಗುವುದಿಲ್ಲ, ಧೈರ್ಯ ಬರುತ್ತದೆ. ಯಾವ ಮಗುವಾದರೂ ಅಂಜಿ ಹಿಂದೆ ಸರಿದರೆ ಕೈಗೊಂದು ಗಂಟೆ ಕೊಟ್ಟು ನಿಮ್ಮ ಪಕ್ಕ ನಿಲ್ಲಿಸಿಕೊಳ್ಳಿ. ಒಂದೊಂದು ಕೆಲಸ ಮುಗಿದಾಗ ಗಂಟೆ ಬಾರಿಸುವುದು ಅವರ ಪಾಲು.

ವಯಸ್ಸಿನ ಅಂತರ ನೋಡಿ ಗಾಬರಿಯಾಗಬೇಡಿ. ಒಬ್ಬೊಬ್ಬ ದೊಡ್ಡ ಮಗುವಿಗೆ ಒಬ್ಬೊಬ್ಬ ಪುಟ್ಟ ಜೊತೆಗಾರ, ಅಷ್ಟೇ. ಎಂಟು ಒಂಬತ್ತು ವರ್ಷದವರಿಗೆ ಗುಟ್ಟು ಮೊದಲೇ ಗೊತ್ತಾಗಿಬಿಡುತ್ತದೆ. 'ಇದು ಸುಳ್ಳು' ಅಂತ ಅವರು ಕೂಗುವ ಮೊದಲು ಅವರನ್ನು ಗುಟ್ಟಿನೊಳಗೆ ಸೇರಿಸಿಕೊಳ್ಳಿ. ಒಬ್ಬ ರಾಕ್ಷಸನ ಗೊರಕೆಗೆ ದನಿ ಕೊಡಲಿ, ಇನ್ನೊಬ್ಬಳು ಮಾಯದ ನೀರಿನ ಮೇಲ್ವಿಚಾರಕಿ. ನಂಬಿ ಒಂದು ಕೆಲಸ ಕೊಟ್ಟರೆ ಆ ವಯಸ್ಸಿನವರಷ್ಟು ನಿಯತ್ತಾಗಿ ಮಾಡುವವರು ಇನ್ನೊಬ್ಬರಿಲ್ಲ.

ವೇಷಕ್ಕೆ ಕಿರೀಟ, ಮೇಲುಹೊದಿಕೆ ಸಾಕು. ಆರು ವರ್ಷದ ಮಕ್ಕಳ ತಲೆಸುತ್ತು ಸುಮಾರು 51, 52 ಸೆಂ.ಮೀ. ಇರುತ್ತದೆ. ದಪ್ಪ ಕಾಗದವನ್ನು 60 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಪಟ್ಟಿ ಮಾಡಿದರೆ ಎಲ್ಲರ ತಲೆಗೂ ಹೊಂದಿಸಿ ಅಂಟಿಸಬಹುದು. ಮೇಲುಹೊದಿಕೆಗೆ ಹಳೆ ಬೆಡ್‌ಶೀಟ್ ಹರಿದುಕೊಳ್ಳಿ. ಕುತ್ತಿಗೆಗೆ ದಾರ ಕಟ್ಟಬೇಡಿ. ಯಾರಾದರೂ ಹಿಂದಿನಿಂದ ಎಳೆದರೆ, ಬಾಗಿಲಿಗೆ ಸಿಕ್ಕಿಕೊಂಡರೆ ಅದು ಉರುಳಾಗುತ್ತದೆ. ವೆಲ್ಕ್ರೋ ಹಚ್ಚಿ, ಎಳೆದ ಕೂಡಲೇ ಬಿಚ್ಚಿಕೊಳ್ಳಲಿ. ಕೇಕಿನ ಹತ್ತಿರ ಬರುವ ಮೊದಲು ಹೊದಿಕೆ, ಕಿರೀಟ ಎರಡನ್ನೂ ಎಲ್ಲರೂ ತೆಗೆದಿಡಬೇಕು. ನೆಟ್ಟಿನ ಬಟ್ಟೆಗೂ ಕಾಗದದ ಕಿರೀಟಕ್ಕೂ ಬೆಂಕಿ ಹತ್ತುವುದು ಕ್ಷಣದ ಮಾತು. ಕತ್ತಿ ಗಿತ್ತಿ ಬೇಡ, ಈ ಕಥೆಯಲ್ಲಿ ಅದಕ್ಕೆ ಕೆಲಸವೂ ಇಲ್ಲ.

ಮಿಣಿಮಿಣಿ ದೀಪ ಇಟ್ಟರೆ ಚೆಂದ ಕಾಣುತ್ತದೆ, ನಿಜ. ಆದರೆ ಬ್ಯಾಟರಿಯ ಪುಟ್ಟ ದೀಪಗಳಲ್ಲಿ ಸಾಮಾನ್ಯವಾಗಿ ಬಟನ್ ಸೆಲ್, ಅಂದರೆ ಅಂಗಿಯ ಗುಂಡಿಯಂಥ ಚಪ್ಪಟೆ ಬ್ಯಾಟರಿ ಇರುತ್ತದೆ. ಮಗು ಅದನ್ನು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟು ಗಾಯವಾಗಬಹುದು. ಮುಚ್ಚಳಕ್ಕೆ ಸ್ಕ್ರೂ ಇರುವ ದೀಪ ಮಾತ್ರ ತನ್ನಿ. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಹೋಗಿ. ಬಲೂನಿನಲ್ಲೂ ಅಪಾಯ ಇದೆ. ಊದದ ಅಥವಾ ಒಡೆದ ಬಲೂನಿನ ತುಂಡು ಗಂಟಲಿಗೆ ಸಿಕ್ಕಿ ಉಸಿರು ಕಟ್ಟಬಹುದು. ಎಂಟು ವರ್ಷದೊಳಗಿನವರ ಕೈಗೆ ಕೊಡಬಾರದು ಅನ್ನುವ ಎಚ್ಚರಿಕೆ ಅದಕ್ಕೇ ಇರುವುದು. ಬೇಕೇ ಬೇಕು ಅಂದರೆ ನಾಲ್ಕೈದನ್ನು ಎತ್ತರದಲ್ಲಿ ಕಟ್ಟಿ, ಒಡೆದರೆ ತುಂಡುಗಳನ್ನು ತಕ್ಷಣ ಹೆಕ್ಕಿ.

ತಿಂಡಿ ಸರಳವಾಗಿರಲಿ, ಒಂದು ಕೈಯಲ್ಲಿ ಹಿಡಿದು ತಿನ್ನುವಂಥದ್ದು. ಯಾವ ಮಗುವಿಗೆ ಏನು ಒಗ್ಗುವುದಿಲ್ಲ ಅಂತ ಕರೆಯೋಲೆಯಲ್ಲೇ ಕೇಳಿ. ನಾಲ್ಕು ವರ್ಷದವರಿರುವುದರಿಂದ ಇಡೀ ಬೀಜಗಳು, ಪಾಪ್‌ಕಾರ್ನ್, ಗಟ್ಟಿ ಪೆಪ್ಪರಮಿಂಟು ಬೇಡ. ದ್ರಾಕ್ಷಿ ಕೊಟ್ಟರೆ ಉದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡಿ. ಕೇಕಿನ ಮೇಲೆ ಹೊಳೆಯುವ ಪುಡಿ ಉದುರಿಸುವ ಮೊದಲು ಡಬ್ಬಿಯ ಮೇಲೆ ಓದಿ. 'ವಿಷಕಾರಿ ಅಲ್ಲ' ಅಂತ ಇದ್ದರೆ ಸಾಲದು, ತಿನ್ನಬಹುದು ಅಂತ ಸ್ಪಷ್ಟವಾಗಿ ಬರೆದಿರಬೇಕು ಮತ್ತು ಅದರಲ್ಲಿ ಏನೇನಿದೆ ಅನ್ನುವ ಪಟ್ಟಿ ಇರಬೇಕು.

ಎರಡು ಗಂಟೆ ಸಾಕು, ಅದಕ್ಕಿಂತ ಜಾಸ್ತಿ ಬೇಡ. ಮಕ್ಕಳು ಒಟ್ಟಿಗೆ ಬರುವುದಿಲ್ಲ. ಆದ್ದರಿಂದ ಮೊದಲ ಇಪ್ಪತ್ತು ನಿಮಿಷ ಕಿರೀಟ ಮಾಡುವ ಕೆಲಸ ಇರಲಿ, ಬಂದವರು ಬಂದ ಹಾಗೆ ಕೂತುಕೊಳ್ಳುತ್ತಾರೆ. ಆಮೇಲೆ ಹತ್ತು ನಿಮಿಷ ಕಥೆ, ತಂಡ ಕಟ್ಟುವುದು. ಮೂರು ಕೆಲಸಕ್ಕೆ ಐವತ್ತು ನಿಮಿಷ. ರಾಕ್ಷಸನ ಪ್ರವೇಶ, ಕೇಕ್, ತಿಂಡಿಗೆ ಇಪ್ಪತ್ತೈದು. ಉಳಿದ ಹದಿನೈದು ನಿಮಿಷ ಕೋಟೆಯನ್ನು ಅವರಿಗೇ ಬಿಟ್ಟುಕೊಡಿ. ಯಾವುದಾದರೂ ಕೆಲಸ ಬೇಗ ಮುಗಿದರೆ ಗೊರಕೆ ಆಟ ಇನ್ನೊಮ್ಮೆ ಆಡಿಸಿ, ಮಕ್ಕಳೇ 'ಇನ್ನೊಂದ್ಸಲ' ಅಂತ ಕೇಳುತ್ತಾರೆ. ಹೊತ್ತಾಗಿಬಿಟ್ಟರೆ ಮೂರನೆಯ ಕೆಲಸವನ್ನು ನೀವೇ ಒಂದು ದೊಡ್ಡ ಪಾತ್ರೆಯಲ್ಲಿ ಮಾಡಿ ತೋರಿಸಿ. ವಾಪಸ್ ಕೊಡುವ ಉಡುಗೊರೆಗೆ ತಲೆ ಕೆಡಿಸಿಕೊಳ್ಳಬೇಡಿ. ಕಿರೀಟ, ತಾನು ಬಣ್ಣ ಬಳಿದ ಪತ್ರದ ತುಂಡು, ಎರಡೂ ಅವರವರದೇ.

ಇದಕ್ಕೆಲ್ಲ ನೀವೊಬ್ಬರೇ ಸಾಲುವುದಿಲ್ಲ. ಇನ್ನಿಬ್ಬರು ದೊಡ್ಡವರು ಬೇಕು: ಒಬ್ಬರು ರಾಕ್ಷಸ, ಇನ್ನೊಬ್ಬರು ಅಡುಗೆಮನೆ ಮತ್ತು ಬಾಗಿಲು. ನೀವು ಕಥೆ ಹೇಳುವವರು, ನಿಮ್ಮ ಕಣ್ಣು ಮಕ್ಕಳ ಮೇಲೆ. ಫೋಟೋ ತೆಗೆಯುವ ಕೆಲಸವನ್ನೂ ಅಡುಗೆಮನೆಯವರಿಗೇ ಬಿಡಿ. ಮೂರು ವಾರ ಮೊದಲು ಕರೆ ಕಳಿಸಿ. ಎರಡು ವಾರ ಇರುವಾಗ ಡಬ್ಬ ಕೂಡಿಸಿ ಕೋಟೆ ಕತ್ತರಿಸಿ, ಮಡಿಸಿ ಮಂಚದ ಕೆಳಗೆ ಇಡಿ. ಕೊನೆಯ ವಾರ ಪತ್ರ, ಕಿರೀಟದ ಪಟ್ಟಿ, ಕಾಗದದ ಕಟ್ಟು. ಹಿಂದಿನ ರಾತ್ರಿ ಕೋಟೆ ನಿಲ್ಲಿಸುವುದಷ್ಟೇ ಉಳಿದಿರಬೇಕು.

ಕೊನೆ ಗಳಿಗೆಯಲ್ಲಿ ಮಗಳು ಮನಸ್ಸು ಬದಲಾಯಿಸಿದರೆ ಅಂತ ಕೇಳಿದಿರಿ. ಬದಲಾಯಿಸುತ್ತಾಳೆ ಅಂತಲೇ ಇಟ್ಟುಕೊಳ್ಳಿ, ಆರು ವರ್ಷಕ್ಕೆ ಅದು ಸಹಜ. ಕಥೆ ನಿಮ್ಮದೇ ಆಗಿರುವುದರಿಂದ ಕೆಡುವುದು ಏನೂ ಇಲ್ಲ. ಸಮುದ್ರ ಬೇಕು ಅಂದರೆ ಅದೇ ಕೋಟೆ ನೀರೊಳಗಿನ ಅರಮನೆ, ಬಣ್ಣ ಎಳೆದುಕೊಂಡದ್ದು ಒಂಟಿ ತಿಮಿಂಗಿಲ. ಬಾಹ್ಯಾಕಾಶ ಬೇಕು ಅಂದರೆ ತೆನೆಯ ಮೇಲೊಂದು ಚೂಪು ಟೋಪಿ ಇಟ್ಟರೆ ಅದು ರಾಕೆಟ್ಟು, ರಾಕ್ಷಸ ಯಾರೂ ಮಾತಾಡಿಸದ ಒಂದು ಗ್ರಹದವನು. ಖಾಲಿ ಪತ್ರ, ಗೊರಕೆ, ನೊರೆ ಏಳುವ ನೀರು ಹಾಗೇ ಇರುತ್ತವೆ. ಹೆಸರುಗಳನ್ನು ಮಾತ್ರ ಅವಳ ಕೈಯಲ್ಲೇ ಇಡಿಸಿ, ಹಬ್ಬದ ಹಿಂದಿನ ದಿನವಾದರೂ ಪರವಾಗಿಲ್ಲ.